ನಾಲ್ಕನೇ ಕೂಗು: ಎರಡು ನಿಮಿಷದ ಥ್ರಿಲ್ಲರ್ ಆರಂಭ ಮಾಡುತ್ತಾ ವಿದ್ಯಾರ್ಥಿಗಳು ಕಲಿಯುವುದು

ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ಮಾಡಿ, ಮುಂದಿನ ಕತೆ ಬೇಡ. ಇಂಗ್ಲೆಂಡಿನ ಎ ಲೆವೆಲ್ (ನಮ್ಮ ಪಿಯು ಮಟ್ಟದ) ಮೀಡಿಯಾ ಸ್ಟಡೀಸ್ ತರಗತಿಗಳಲ್ಲಿ ಬಹಳ ವರ್ಷ ನಡೆದ ಕೆಲಸ ಇದು. ಒಸಿಆರ್ ಪರೀಕ್ಷಾ ಮಂಡಳಿ 2008ರಲ್ಲಿ ತಂದ ಪಠ್ಯಕ್ರಮದಲ್ಲಿ ಇದಕ್ಕೆ 100 ಅಂಕ: ಸಂಶೋಧನೆ ಮತ್ತು ತಯಾರಿಗೆ 20, ಚಿತ್ರಕ್ಕೆ 60, ಆಮೇಲಿನ ಆತ್ಮಾವಲೋಕನಕ್ಕೆ 20. ತಂಡದಲ್ಲಿ ಹೆಚ್ಚೆಂದರೆ ನಾಲ್ಕು ಜನ. ಯಾವ ಬಗೆಯ ಸಿನಿಮಾ ಬೇಕಾದರೂ ಆಗಬಹುದಿತ್ತು, ಆದರೆ ಬಹಳಷ್ಟು ತಂಡಗಳು ಥ್ರಿಲ್ಲರನ್ನೇ ಹಿಡಿಯುತ್ತಿದ್ದವು. ಆ ಪಠ್ಯಕ್ರಮ ಈಗ ಬದಲಾಗಿದೆ. ಅಭ್ಯಾಸ ಮಾತ್ರ ಇವತ್ತಿಗೂ ಅಷ್ಟೇ ಗಟ್ಟಿ. ನಮ್ಮ ಪತ್ರಿಕೋದ್ಯಮ ವಿಭಾಗಗಳಲ್ಲಿ, ಪಿಯು ಕಾಲೇಜಿನ ಫಿಲ್ಮ್ ಕ್ಲಬ್ಬುಗಳಲ್ಲಿ ಒಂದು ಫೋನ್ ಇದ್ದರೆ ಇದನ್ನು ಮೂರು ವಾರದಲ್ಲಿ ಮಾಡಿ ಮುಗಿಸಬಹುದು.

ಥ್ರಿಲ್ಲರೇ ಯಾಕೆ ಅಂದರೆ, ಇದರಲ್ಲಿ ತಪ್ಪು ಮುಚ್ಚಿಡಲು ಬರುವುದಿಲ್ಲ. ಹಾಸ್ಯದಲ್ಲಿ ಒಳ್ಳೆಯ ಮಾತೊಂದು ಬಿದ್ದರೆ ಕೆಟ್ಟ ಕಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಥ್ರಿಲ್ಲರಿನಲ್ಲಿ ನೋಡುವವರು ಉಸಿರು ಹಿಡಿದು ಪ್ರತಿ ಚೌಕಟ್ಟಿನಲ್ಲೂ ಸುಳಿವು ಹುಡುಕುತ್ತಿರುತ್ತಾರೆ. ಗೋಡೆಯ ಗಡಿಯಾರ ಒಂದು ಶಾಟಿನಲ್ಲಿ ಏಳು, ಮುಂದಿನದರಲ್ಲಿ ಏಳೂಮುಕ್ಕಾಲು ತೋರಿಸಿದರೆ ಅದನ್ನೂ ಸುಳಿವು ಅಂದುಕೊಳ್ಳುತ್ತಾರೆ.

ಮೊದಲು ಬಾಗಿಲು

ಇಂಗ್ಲೆಂಡಿನ ಆ ಪಠ್ಯಕ್ರಮ ಮೊದಲು ಒಂದು ಚಿಕ್ಕ ತಾಲೀಮು ಕೇಳುತ್ತಿತ್ತು: ಒಬ್ಬರು ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂತು ಒಂದೆರಡು ಮಾತಾಡಬೇಕು. ಇದನ್ನು ಬಿಟ್ಟು ನೇರವಾಗಿ ಥ್ರಿಲ್ಲರಿಗೆ ಹಾರಬೇಡಿ. ಒಂದು ಮಧ್ಯಾಹ್ನ ಸಾಕು, ಏಳೆಂಟು ಶಾಟ್ ಸಾಕು.

ಇದರಲ್ಲಿ ಕೈಗೆ ಬರುವುದು ಎರಡು ವಿಷಯ. ಒಂದು, ಚಲನೆಯ ಮಧ್ಯೆ ಕತ್ತರಿಸುವುದು. ಚಿಲಕಕ್ಕೆ ಕೈ ಹೋಗಿ ಬಾಗಿಲು ತೆರೆಯುವವರೆಗಿನ ಪೂರ್ತಿ ಕ್ರಿಯೆಯನ್ನು ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ತೆಗೆಯಿರಿ. ಎಡಿಟಿಂಗಿನಲ್ಲಿ ಬಾಗಿಲು ಅರ್ಧ ತೆರೆದಾಗ ಒಂದರಿಂದ ಇನ್ನೊಂದಕ್ಕೆ ದಾಟಿ. ಕಣ್ಣು ಚಲನೆಯ ಹಿಂದೆ ಹೋಗುವುದರಿಂದ ಕಟ್ ಕಾಣುವುದೇ ಇಲ್ಲ. ಹೊಸಬರು ಹೊರಗಿನ ಶಾಟ್ ಬಾಗಿಲು ತೆರೆಯುವ ಮೊದಲೇ ನಿಲ್ಲಿಸಿ, ಒಳಗಿನದನ್ನು ತೆರೆದ ಮೇಲೆ ಶುರು ಮಾಡುತ್ತಾರೆ. ಆಗ ಕತ್ತರಿಸಲು ಜಾಗವೇ ಉಳಿದಿರುವುದಿಲ್ಲ, ಚಿತ್ರ ಎಗರುತ್ತದೆ.

ಎರಡನೆಯದು 180 ಡಿಗ್ರಿ ಗೆರೆ. ಎದುರುಬದುರು ಕೂತ ಇಬ್ಬರ ನಡುವೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿರಿ, ಎರಡೂ ತುದಿ ಗೋಡೆ ಮುಟ್ಟಲಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ದಾಟಿದರೆ, ಬಲಕ್ಕೆ ನೋಡುತ್ತಿದ್ದವರು ಎಡಕ್ಕೆ ನೋಡತೊಡಗುತ್ತಾರೆ; ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಯಾರೋ ಮೂರನೆಯವರ ಜೊತೆ ಮಾತಾಡುತ್ತಿರುವಂತೆ ಕಾಣುತ್ತದೆ. ಒಮ್ಮೆ ಬೇಕೆಂದೇ ದಾಟಿ ತೆಗೆದು, ಕೂತು ನೋಡಿ. ನೆಲದ ಗೆರೆ ಒರೆಸಿದ ಮೇಲೂ ತಲೆಯಲ್ಲಿ ಉಳಿಯುತ್ತದೆ.

ಯಾರಿಗೆ ಏನು ಗೊತ್ತು

ಥ್ರಿಲ್ಲರ್ ಅಂದಕೂಡಲೇ ವಿದ್ಯಾರ್ಥಿಗಳು ಮುಖವಾಡ, ರಕ್ತ, ಓಡುವ ಹುಡುಗಿ, ಕಟ್ಟಿಹಾಕಿದ ಕುರ್ಚಿ ಬರೆದುಕೊಂಡು ಬರುತ್ತಾರೆ. ಇವು ಎರಡು ನಿಮಿಷದಲ್ಲಿ ಸೋಲುತ್ತವೆ. ಆ ಹುಡುಗಿ ಯಾರೆಂದೇ ನಮಗೆ ಗೊತ್ತಿಲ್ಲ, ಅವಳಿಗಾಗಿ ಹೆದರುವುದು ಹೇಗೆ? ಥ್ರಿಲ್ಲರುಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯನ್ನು ತಂಡ ಮೊದಲ ದಿನವೇ ಚರ್ಚಿಸಬೇಕು. ಬಾಂಬ್ ಇದೆ ಅಂತ ಯಾರಿಗೂ ಹೇಳದೆ ಸಿಡಿಸಿದರೆ ಸಿಗುವುದು ಕೆಲವು ಸೆಕೆಂಡಿನ ಬೆಚ್ಚುವಿಕೆ. ನೋಡುವವರಿಗೆ ಮೊದಲೇ ತೋರಿಸಿ, ಕೂತವರಿಗೆ ಮಾತ್ರ ತಿಳಿಸದೆ ಇದ್ದರೆ ಅವರ ಹರಟೆಯ ಒಂದೊಂದು ಮಾತೂ ನಮ್ಮನ್ನು ಹಿಂಡುತ್ತದೆ.

ಒಂದು ಮಾದರಿ ನೋಡೋಣ. ಸಂಜೆ, ಮನೆಯ ಪಡಸಾಲೆ, ಹುಡುಗಿ ಲೆಕ್ಕ ಮಾಡುತ್ತಿದ್ದಾಳೆ. ಅಡುಗೆಮನೆಯಿಂದ ಕುಕ್ಕರಿನ ಮೊದಲ ಕೂಗು. ಒಳಗಿನಿಂದ ಅಮ್ಮನ ದನಿ: “ಮೂರು ಕೂಗಿಗೆ ನಾನೇ ಆಫ್ ಮಾಡ್ತೀನಿ, ನೀನು ಏಳ್ಬೇಡ.” ಎರಡನೇ ಕೂಗು. ಈಗ ಒಂದೇ ಒಂದು ಶಾಟ್, ನಾಲ್ಕು ಸೆಕೆಂಡು: ಹಿತ್ತಿಲ ಬಾಗಿಲು, ಚಿಲಕ ತೆಗೆದಿದೆ, ಬಾಗಿಲು ಗಾಳಿಗೆ ಬೆರಳಷ್ಟು ಅಲ್ಲಾಡುತ್ತಿದೆ. ಮೂರನೇ ಕೂಗು. ಹುಡುಗಿ ಪುಟ ತಿರುಗಿಸುತ್ತಾಳೆ. ನಾಲ್ಕನೇ ಕೂಗು. ಪೆನ್ಸಿಲ್ ನಿಲ್ಲುತ್ತದೆ. ಐದನೆಯದು. “ಅಮ್ಮಾ?” ಕಪ್ಪು ಪರದೆ, ಚಿತ್ರದ ಹೆಸರು.

ಇಲ್ಲಿ ಮುಖವಾಡವಿಲ್ಲ, ಚಾಕು ಇಲ್ಲ, ಮಾತು ಎರಡೇ. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಕೂಗು ಎಣಿಸುವುದು ಮೈಗೂಡಿದ ಅಭ್ಯಾಸ. ಎಣಿಕೆ ತಪ್ಪಿದರೆ ಎದೆಯಲ್ಲಿ ಏನೋ ಆಗುತ್ತದೆ. ನಿಮ್ಮೂರಿನಲ್ಲಿ, ನಿಮ್ಮ ಮನೆಯಲ್ಲಿ ಹೀಗೆ ಎಲ್ಲರಿಗೂ ಗೊತ್ತಿರುವ ಕ್ರಮ ಯಾವುದು ಅಂತ ಹುಡುಕಿ: ಬೆಳಗಿನ ಹಾಲಿನವನ ಬೆಲ್, ನಲ್ಲಿ ನೀರು ಬರುವ ಹೊತ್ತು, ಕೊನೆಯ ಬಸ್ಸು. ಆ ಕ್ರಮವನ್ನು ಒಂದೇ ಒಂದು ಕಡೆ ಮುರಿಯಿರಿ. ಯಾವುದೋ ಇಂಗ್ಲಿಷ್ ಚಿತ್ರದ ಖಾಲಿ ಕಾರ್ ಪಾರ್ಕಿಂಗನ್ನು ನಕಲು ಮಾಡುವುದಕ್ಕಿಂತ ಇದು ನೂರು ಪಾಲು ಮೇಲು.

ಬರೆದಾದ ಮೇಲೆ ಪ್ರತಿ ಶಾಟಿನ ಎದುರು ಎರಡು ಕಲಂ ಹಾಕಿ: ಈಗ ಪಾತ್ರಕ್ಕೆ ಏನು ಗೊತ್ತು, ನೋಡುವವರಿಗೆ ಏನು ಗೊತ್ತು. ಎರಡೂ ಕಲಮಿನಲ್ಲಿ ಕೊನೆಯವರೆಗೂ ಒಂದೇ ಉತ್ತರ ಬಂದರೆ ಅಲ್ಲಿ ಸಸ್ಪೆನ್ಸ್ ಇಲ್ಲ. ಸರಾಸರಿ ನಾಲ್ಕು ಸೆಕೆಂಡಿಗೊಂದು ಶಾಟ್ ಅಂದರೆ 120 ಸೆಕೆಂಡಿಗೆ 30 ಶಾಟ್. ಒಂದಕ್ಕೆ ಮೂರು ಟೇಕ್ ಹಿಡಿದರೆ 90 ಟೇಕ್. ಬೆಳಕು ಹೊಂದಿಸುವ ಹೊತ್ತೂ ಸೇರಿ ಇದು ಎರಡು ದಿನದ ಕೆಲಸ. ಒಂದೇ ಸಂಜೆಯಲ್ಲಿ ಮುಗಿಸುತ್ತೇವೆ ಅಂದವರು ಕೊನೆಯ ಹತ್ತು ಶಾಟ್ ಬಿಟ್ಟು ಮನೆಗೆ ಹೋಗುತ್ತಾರೆ, ಬಿಟ್ಟುಹೋಗುವುದು ಯಾವಾಗಲೂ ಕ್ಲೋಸಪ್ಪುಗಳೇ. ಆದ್ದರಿಂದ ಚಿಲಕ, ಪೆನ್ಸಿಲ್, ಕಣ್ಣು ಇವನ್ನು ಮೊದಲ ದಿನವೇ ತೆಗೆದುಬಿಡಿ.

ಫೋನ್ ಕ್ಯಾಮೆರಾದ ಕಿತಾಪತಿಗಳು

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬುಗಳು ಅದರಿಂದಾಗಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು) ಈ ಮಿಣುಕಿಗೆ ಹೊಂದದಿದ್ದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಚಿಕ್ಕ ಪರದೆಯಲ್ಲಿ ಕಾಣದ ಇದು ಪ್ರೊಜೆಕ್ಟರಿನಲ್ಲಿ ಕಣ್ಣಿಗೆ ರಾಚುತ್ತದೆ. ಫ್ರೇಮ್ ದರ 25, ಶಟರ್ 50ರಲ್ಲಿ ಒಂದು ಸೆಕೆಂಡು ಇಡಿ. ಫೋನಿನ ಮೂಲ ಕ್ಯಾಮೆರಾದಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ.

ಫೋಕಸ್, ಬೆಳಕಿನ ಪ್ರಮಾಣ, ಬಣ್ಣದ ಸಮತೋಲ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಹುಡುಗಿ ತಲೆ ಎತ್ತಿದಾಗ ಹಿಂದಿನ ಗೋಡೆ ತಾನಾಗಿ ಬೆಳಗುತ್ತದೆ, ಒಂದು ಶಾಟ್ ಹಳದಿ, ಮುಂದಿನದು ನೀಲಿ ಆಗುತ್ತದೆ.

ಕತ್ತಲೆಯ ದೃಶ್ಯ ಕತ್ತಲೆಯಲ್ಲಿ ತೆಗೆಯುವುದಲ್ಲ. ಬೆಳಕು ಸಾಲದಾದಾಗ ಫೋನ್ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಕಪ್ಪಿನ ಜಾಗದಲ್ಲಿ ಬೂದು ಮರಳು ತುಂಬುತ್ತದೆ. ಐಎಸ್‌ಒ 800 ದಾಟದಂತೆ ನೋಡಿಕೊಳ್ಳಿ. ಮೊದಲು ಟ್ಯೂಬ್‌ಲೈಟ್ ಆರಿಸಿ, ಮೇಲಿನಿಂದ ಎಲ್ಲೆಡೆ ಸಮನಾಗಿ ಚೆಲ್ಲುವ ಬೆಳಕಿನಲ್ಲಿ ಭಯ ಹುಟ್ಟುವುದಿಲ್ಲ. ಒಂಬತ್ತು ವಾಟಿನ ಒಂದು ಬಲ್ಬನ್ನು ಮುಖದ ಒಂದು ಪಕ್ಕಕ್ಕೆ, ಮೂರು ನಾಲ್ಕು ಅಡಿ ದೂರದಲ್ಲಿಡಿ. ಇನ್ನೊಂದು ಪಕ್ಕದಲ್ಲಿ ಬಿಳಿ ಗೋಡೆಯಿದ್ದರೆ ಕರಿ ಕಂಬಳಿ ಇಳಿಬಿಡಿ. ಇಲ್ಲವಾದರೆ ಗೋಡೆಯಿಂದ ಮರಳಿದ ಬೆಳಕು ನೆರಳನ್ನು ತಿಂದುಹಾಕುತ್ತದೆ. ಹೊರಗಿನ ದೃಶ್ಯ ಬೇಕಾದರೆ ಸೂರ್ಯ ಮುಳುಗಿದ ಮೇಲಿನ 20 ನಿಮಿಷ ಹಿಡಿಯಿರಿ. ಆಕಾಶ ಇನ್ನೂ ನೀಲಿ, ಮನೆಯ ಕಿಟಕಿ ಹಳದಿ. ಅದಕ್ಕಾಗಿ ಒಂದು ಗಂಟೆ ಮೊದಲೇ ತಾಲೀಮು ಮುಗಿದಿರಬೇಕು.

ಫೈಲನ್ನು ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಕೇಬಲ್ ಹಾಕಿ ಎತ್ತಿಕೊಳ್ಳಿ. ಇನ್ನೊಂದು ತೊಡಕು: ಹಲವು ಫೋನುಗಳ ಫ್ರೇಮ್ ದರ ಸ್ಥಿರವಲ್ಲ, ಬೆಳಕಿಗೆ ತಕ್ಕಂತೆ ಏರಿಳಿಯುತ್ತದೆ. ಬೇರೆಯಾಗಿ ದಾಖಲಿಸಿದ ದನಿ ಎಡಿಟಿಂಗಿನಲ್ಲಿ ಮೆಲ್ಲಗೆ ತುಟಿಯಿಂದ ಜಾರತೊಡಗಿದರೆ ಕಾರಣ ಅದೇ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಬದಲಿಸಿಕೊಂಡು ಆಮೇಲೆ ಕತ್ತರಿಸಿ.

ಕಿವಿಗೆ ಮೊದಲು

ಭಯದ ಮುಕ್ಕಾಲು ಪಾಲು ಶಬ್ದದಲ್ಲಿದೆ ಅಂದರೆ ಅತಿಶಯವಲ್ಲ. ಚಿತ್ರೀಕರಣ ಮುಗಿದ ಪ್ರತಿ ಜಾಗದಲ್ಲಿ ಎಲ್ಲರೂ ಅಲುಗಾಡದೆ ನಿಂತು ಒಂದು ನಿಮಿಷ ಬರೀ ಕೋಣೆಯ ಮೌನವನ್ನು ದಾಖಲಿಸಿ. ಮೌನಕ್ಕೂ ಸದ್ದಿದೆ: ಫ್ರಿಜ್ಜಿನ ಗುಂಯ್, ದೂರದ ರಸ್ತೆ, ಜೀರುಂಡೆ. ಶಾಟಿನಿಂದ ಶಾಟಿಗೆ ಇದು ಬದಲಾದರೆ ಪ್ರತಿ ಕಟ್ಟೂ ಕೇಳಿಸುತ್ತದೆ. ಒಂದೇ ಮೌನವನ್ನು ಅಡಿಯಲ್ಲಿ ಉದ್ದಕ್ಕೂ ಹಾಸಿದರೆ ಹೊಲಿಗೆ ಮರೆಯಾಗುತ್ತದೆ. ಫ್ಯಾನ್ ಮಾತ್ರ ಆರಿಸಿಯೇ ಇರಲಿ.

ಕುಕ್ಕರನ್ನು ಟೇಕಿಗೊಮ್ಮೆ ಕೂಗಿಸಲು ಹೋಗಬೇಡಿ. ಚಿತ್ರೀಕರಣದ ಹೊತ್ತಿಗೆ ಗ್ಯಾಸ್ ಬಂದ್ ಇರಲಿ. ಬೇರೆ ದಿನ ದೊಡ್ಡವರೊಬ್ಬರು ಜೊತೆಗಿದ್ದು, ಕುಕ್ಕರಿಗೆ ಸಾಕಷ್ಟು ನೀರು ಹಾಕಿ, ಐದಾರು ಕೂಗು ಒಟ್ಟಿಗೆ ದಾಖಲಿಸಿ. ನೀರು ಬತ್ತಿದರೆ ಸೇಫ್ಟಿ ವಾಲ್ವ್ ಹೋಗುತ್ತದೆ. ಫೋನನ್ನು ಒಲೆಯ ಪಕ್ಕದಲ್ಲಿಡಬೇಡಿ: ಅಷ್ಟು ಹತ್ತಿರದ ಸೀಟಿಗೆ ಮೈಕ್ ತಡೆಯದೆ ಶಬ್ದ ಒಡೆಯುತ್ತದೆ, ಒಡೆದದ್ದನ್ನು ಸರಿಮಾಡಲು ಆಗುವುದಿಲ್ಲ. ಪಡಸಾಲೆಯಲ್ಲಿ, ಹುಡುಗಿ ಕೂತ ಜಾಗದಲ್ಲೇ ಇಡಿ. ಅವಳ ಕಿವಿಗೆ ಬಿದ್ದಂತೆಯೇ ನಮಗೂ ಕೇಳಬೇಕು.

ಪೆನ್ಸಿಲ್ಲಿನ ಗೀರು, ಚಿಲಕದ ಕಿರ್ ಇವನ್ನು ಬೇರೆಯಾಗಿ, ಬಹಳ ಹತ್ತಿರದಿಂದ ತೆಗೆಯಿರಿ. ಖಾಲಿ ಕೋಣೆ ಪ್ರತಿಧ್ವನಿಸಿದರೆ ಸುತ್ತ ಕೌದಿ ಹಾಸಿ, ಗೋಡೆಗೂ ಎರಡು ನೇತುಹಾಕಿ. ಸಂಗೀತ ಮೊದಲ ನಿಮಿಷದಲ್ಲಿ ಬೇಡವೇ ಬೇಡ. ಆಮೇಲೂ ಸಿನಿಮಾ ಹಾಡಿನ ತುಣುಕು ಬಳಸಿದರೆ ಹಕ್ಕಿನ ತಕರಾರು ಬರುತ್ತದೆ. ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದ ಒಂದೇ ಉದ್ದನೆಯ ಸ್ವರ ಆರಿಸಿಕೊಂಡರೆ ಸಾಕು.

ಹೆಸರುಗಳು, ಅಕ್ಷರಗಳು

ಆರಂಭ ಅಂದಮೇಲೆ ಹೆಸರುಗಳು ಬರಲೇಬೇಕು. ಸಂಸ್ಥೆ, ಕಲಾವಿದರು, ಚಿತ್ರದ ಹೆಸರು, ಸಂಗೀತ, ಸಂಕಲನ, ಛಾಯಾಗ್ರಹಣ, ನಿರ್ಮಾಣ, ಕೊನೆಗೆ ನಿರ್ದೇಶನ. ನಮ್ಮ ಮಾದರಿಯಂತೆ ಚಿತ್ರದ ಹೆಸರನ್ನು ತೀರ ಕೊನೆಗೂ ಉಳಿಸಿಕೊಳ್ಳಬಹುದು. ಒಂದೊಂದು ಮೂರು ಸೆಕೆಂಡು ನಿಂತರೂ 24 ಸೆಕೆಂಡು ಬೇಕು. ಶಾಟ್ ತೆಗೆಯುವಾಗಲೇ ಚೌಕಟ್ಟಿನ ಒಂದು ಪಕ್ಕದಲ್ಲಿ ಖಾಲಿ ಜಾಗ ಬಿಡದಿದ್ದರೆ ಹೆಸರು ಹೋಗಿ ನಟಿಯ ಮೂಗಿನ ಮೇಲೆ ಕೂರುತ್ತದೆ. ಚಿಲಕದ ಶಾಟಿನ ಮೇಲೆ ಹೆಸರು ಹಾಕಲೇಬೇಡಿ. ಓದುವ ಕಣ್ಣು ಚಿಲಕ ನೋಡುವುದಿಲ್ಲ.

ಕನ್ನಡ ಅಕ್ಷರಗಳಿಗೆ ವಿಶೇಷ ಜಾಗ್ರತೆ ಬೇಕು. ಇಂಗ್ಲಿಷಿನ ಥ್ರಿಲ್ಲರ್ ಟೈಟಲ್‌ಗಳಂತೆ ಅಕ್ಷರಗಳ ನಡುವೆ ಅಂತರ ಹಿಗ್ಗಿಸಿದರೆ, ಒಂದೊಂದೇ ಅಕ್ಷರ ಮೂಡುವಂತೆ ಮಾಡಿದರೆ, ಕೊಂಬು ಒಂದು ಕಡೆ, ಒತ್ತು ಒಂದು ಕಡೆ ಚೆದುರಿ ‘ಸಂಕಲನ ಕೃಷ್ಣ’ ಓದಲಾಗದಂತಾಗುತ್ತದೆ. ಪೂರ್ತಿ ಪದವನ್ನೇ ಮೆಲ್ಲಗೆ ಮೂಡಿಸಿ. ಯೂನಿಕೋಡ್ ಫಾಂಟ್ ಬಳಸಿ, ನೋಟೋ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದರೆ ಗ್ರಾಫಿಕ್ಸ್ ಪ್ರಾಶಸ್ತ್ಯಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೊಳ್ಳಬೇಕು.

ಹೊರಗೆ ಹೋಗುವ ಮುನ್ನ

ಆಟಿಕೆ ಪಿಸ್ತೂಲೋ ಚಾಕುವೋ ಹಿಡಿದು ಬೀದಿಯಲ್ಲಿ ಚಿತ್ರೀಕರಿಸಿದರೆ ನೋಡಿದವರಿಗೆ ಅದು ಆಟಿಕೆ ಅಂತ ಗೊತ್ತಾಗುವುದಿಲ್ಲ. ಮನೆಯೊಳಗೆ ಮುಗಿಯುವ ಕತೆ ಬರೆಯಿರಿ. ರೈಲು ಹಳಿಯ ಆಸೆ ಪೂರ್ತಿ ಬಿಡಿ: ಅದು ಜೀವಕ್ಕೆ ಅಪಾಯ, ಜೊತೆಗೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು.

ಕತ್ತರಿಸಿ, ತೋರಿಸಿ, ಮತ್ತೆ ಕತ್ತರಿಸಿ

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ. ಮೊದಲ ಜೋಡಣೆ ಸಾಮಾನ್ಯವಾಗಿ ಮೂರು ನಿಮಿಷ ದಾಟಿರುತ್ತದೆ. ಕಷ್ಟಪಟ್ಟು ತೆಗೆದ ಶಾಟನ್ನು ಬಿಸಾಡುವುದು ಯಾರಿಗೂ ಇಷ್ಟವಿಲ್ಲ. ವಿದ್ಯಾರ್ಥಿಗಳು ಕಲಿಯುವುದರಲ್ಲೆಲ್ಲ ಇದೇ ಕಠಿಣವಾದದ್ದು, ಆದ್ದರಿಂದ ಕತ್ತರಿಸುವವರು ಆ ಶಾಟ್ ತೆಗೆದವರೇ ಆಗಿರದಿದ್ದರೆ ಒಳ್ಳೆಯದು. ಒತ್ತಡ ಹೆಚ್ಚಬೇಕು ಅಂತ ಕೊನೆಯಲ್ಲಿ ಶಾಟ್‌ಗಳನ್ನು ಚಿಕ್ಕದು ಮಾಡುತ್ತಾ ಹೋಗುವುದು ರೂಢಿ. ನಾಲ್ಕನೇ ಕೂಗಿನಲ್ಲಿ ಇದರ ತದ್ವಿರುದ್ಧ ಮಾಡಿ ನೋಡಿ: ನಿಂತ ಪೆನ್ಸಿಲ್ಲಿನ ಮೇಲೆ ಪೂರ್ತಿ ಆರು ಸೆಕೆಂಡು ಕತ್ತರಿಸದೆ ಕಾಯಿರಿ.

ಆಮೇಲೆ ಕತೆ ಗೊತ್ತಿಲ್ಲದ ಹತ್ತು ಜನರಿಗೆ ತೋರಿಸಿ. ತಂಡದವರ ಅಪ್ಪ ಅಮ್ಮ ಬೇಡ, ಅವರು ಚೆನ್ನಾಗಿದೆ ಅಂದೇ ಅನ್ನುತ್ತಾರೆ. ಮಾತುಕತೆಗೆ ಮೊದಲು ಚೀಟಿಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳಿ: ಏನೋ ಸರಿಯಿಲ್ಲ ಅಂತ ಮೊದಲು ಅನಿಸಿದ್ದು ಯಾವಾಗ? ಮನೆಯೊಳಗೆ ಯಾರಿರಬಹುದು? ಮುಂದೆ ಏನು ನೋಡಬೇಕು ಅನಿಸುತ್ತಿದೆ? ತೋರಿಸುವಾಗ ನೀವು ಪರದೆಯ ಕಡೆ ನೋಡದೆ ಅವರ ಮುಖ ನೋಡುತ್ತಿರಿ. ಹತ್ತರಲ್ಲಿ ಏಳು ಜನ ಚಿಲಕವನ್ನು ಗಮನಿಸಿಯೇ ಇಲ್ಲವಾದರೆ ಶಾಟನ್ನು ನಾಲ್ಕರಿಂದ ಆರು ಸೆಕೆಂಡಿಗೆ ಹಿಗ್ಗಿಸಿ. ಎಲ್ಲರೂ ಗಮನಿಸಿ ಕಳ್ಳ ಬಂದ ಅಂತ ಆಗಲೇ ತೀರ್ಮಾನಿಸಿಬಿಟ್ಟಿದ್ದರೆ ಅದನ್ನು ಮೂರನೇ ಕೂಗಿನ ಆಚೆಗೆ ಸರಿಸಿ, ಇನ್ನೊಂದು ಹತ್ತು ಜನರನ್ನು ಕರೆಯಿರಿ.