ಮನೆಯಲ್ಲೇ ಎಣ್ಣೆಸ್ನಾನ: ಹಚ್ಚುವುದರಿಂದ ಒರೆಸುವವರೆಗೆ

ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ ನೀರು ತುಂಬಿಸುವುದು, ನರಕ ಚತುರ್ದಶಿಯ ನಸುಕಿನಲ್ಲಿ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಸಿಕೊಂಡು ಮೀಯುವುದು, ಯುಗಾದಿಯ ದಿನ ಮತ್ತೊಮ್ಮೆ ಅದೇ ಕ್ರಮ: ಎಣ್ಣೆಸ್ನಾನ ಇಷ್ಟಕ್ಕೇ ನಿಂತುಹೋಗಿರುವ ಮನೆಗಳು ಈಗ ಬಹಳ. ವಾರಕ್ಕೊಮ್ಮೆ ನಮ್ಮ ಬಚ್ಚಲುಮನೆಗಳಲ್ಲೇ ನಡೆಯುತ್ತಿದ್ದ ಈ ಅಭ್ಯಂಜನವನ್ನು ನಗರದ ಸ್ಪಾಗಳು ದುಬಾರಿ ಬೆಲೆಗೆ ಮಾಡಿಸುತ್ತವೆ. ಮನೆಯಲ್ಲಿ ಅದಕ್ಕೆ ಬೇಕಾದದ್ದು ಅರ್ಧ ಲೋಟ ಎಣ್ಣೆ, ಒಂದೆರಡು ಹಿಡಿ ಸೀಗೆಪುಡಿ ಮತ್ತು ಕಡಲೆಹಿಟ್ಟು, ಎರಡು ಬಕೆಟ್ ನೀರು, ಅವಸರವಿಲ್ಲದ ಒಂದೂವರೆ ಗಂಟೆ. ಯಾವ ಎಣ್ಣೆ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಆ ಎಣ್ಣೆಯನ್ನು ತೊಳೆಯುವುದು ಹೇಗೆ ಎಂದು ಕೇಳುವವರು ಕಡಿಮೆ. ಸ್ನಾನ ಮುಗಿದ ಮೇಲೆ ಮೈಮೇಲೆ ಎಷ್ಟು ಜಿಡ್ಡು ಉಳಿಯಿತು ಎಂಬುದರ ಮೇಲೆಯೇ ಇದರ ಫಲ ನಿಂತಿದೆ.

ಚರ್ಮದ ತೀರಾ ಹೊರಪದರದಲ್ಲಿ ಸತ್ತ ಜೀವಕೋಶಗಳೂ ಅವುಗಳ ಸಂದಿಗಳನ್ನು ತುಂಬಿರುವ ಕೊಬ್ಬಿನಂಶವೂ ಸೇರಿ, ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುತ್ತವೆ. ಆರೋಗ್ಯವಾದ ಚರ್ಮ ತುಸು ಆಮ್ಲೀಯ. ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ ಮೌಲ್ಯ ಅದರಲ್ಲಿ 5ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸಾಬೂನು ಕ್ಷಾರೀಯ, ಅದರ ಪಿಎಚ್ 9ರಿಂದ 10. ಸುಡುವಷ್ಟು ಬಿಸಿನೀರು ಮತ್ತು ಸಾಬೂನು ಸೇರಿ ದಿನವೂ ಈ ಕೊಬ್ಬಿನಂಶವನ್ನು ಕಿತ್ತುಹಾಕಿದರೆ ಚರ್ಮ ಬಿಗಿಯುತ್ತದೆ, ಕಡಿಯುತ್ತದೆ, ಬಿಳಿಗೆರೆ ಬೀಳುತ್ತದೆ. ಬೀದರ್, ವಿಜಯಪುರದ ಕಡೆಯ ಚಳಿಗಾಲದ ಒಣಗಾಳಿಯಲ್ಲಿ ಮೊಣಕಾಲಿನ ಕೆಳಗಿನ ಚರ್ಮ ಒಡೆಯುವುದು ಹೀಗೆಯೇ. ತೆಳುವಾಗಿ ಉಳಿದ ಎಣ್ಣೆ ಆ ತಡೆಯನ್ನು ಸ್ವಲ್ಪಮಟ್ಟಿಗೆ ಮರಳಿ ಕಟ್ಟಿಕೊಡುತ್ತದೆ. ಎಣ್ಣೆಸ್ನಾನ ದೇಹದ ವಿಷವನ್ನು ಹೊರಹಾಕುತ್ತದೆ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಕಿಲ್ಲ. ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಮಾಡುತ್ತವೆ. ಒಣಚರ್ಮ ಮೆದುವಾಗುವುದು, ದಣಿದ ಸ್ನಾಯುಗಳು ಸಡಿಲಗೊಳ್ಳುವುದು, ಒಳ್ಳೆಯ ನಿದ್ದೆ ಬರುವುದು, ಇಷ್ಟೇ ಸಾಕಷ್ಟು ದೊಡ್ಡ ಲಾಭ.

ಎಣ್ಣೆಯ ಆಯ್ಕೆ

ಕರಾವಳಿಯವರು ಕೊಬ್ಬರಿ ಎಣ್ಣೆಯನ್ನೂ ಬಯಲುಸೀಮೆಯವರು ಎಳ್ಳೆಣ್ಣೆಯನ್ನೂ ಬಳಸಿಕೊಂಡು ಬಂದದ್ದು ಮುಖ್ಯವಾಗಿ ಆಯಾ ನೆಲದಲ್ಲಿ ಏನು ಬೆಳೆಯುತ್ತದೆ ಎಂಬುದರಿಂದ. ಎರಡೂ ಒಳ್ಳೆಯವೇ. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಇದರ ಅಣು ಚಿಕ್ಕದಾದ್ದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲದು, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸಬಲ್ಲದು. ಹಾಗಾಗಿ ತಲೆಗೆ ಅದು ಉತ್ತಮ. ಎಳ್ಳೆಣ್ಣೆ ತನ್ನೊಳಗಿನ ಸೆಸಮಾಲ್‌ನಂಥ ಅಂಶಗಳಿಂದಾಗಿ ಬೇಗ ಕಮಟುವುದಿಲ್ಲ, ಮೈಗೆ ಚೆನ್ನಾಗಿ ಹರಡುತ್ತದೆ. ಹರಳೆಣ್ಣೆಯನ್ನು ನೆತ್ತಿಗೆ ತಟ್ಟುವ ರೂಢಿ ಅನೇಕ ಕಡೆ ಇದೆ; ಅದು ಬಹಳ ಮಂದವಾದ್ದರಿಂದ ಉದ್ದ ಕೂದಲಿಗೆ ಬರಿದಾಗಿ ಹಚ್ಚಿದರೆ ಕೂದಲು ಬಿಡಿಸಲಾಗದಂತೆ ಗಂಟಾಗುವ ಅಪಾಯವಿದೆ. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿಕೊಳ್ಳಿ. ಸಾಸಿವೆ ಎಣ್ಣೆ ಕೆಲವರ ಚರ್ಮವನ್ನು ಉರಿಸುತ್ತದೆ, ಆದ್ದರಿಂದ ಮಕ್ಕಳಿಗೆ ಬೇಡ.

ಗಾಣದ ಎಣ್ಣೆ ಸಿಕ್ಕರೆ ಸಂತೋಷ, ಸಿಗದಿದ್ದರೆ ಅಡುಗೆಗೆ ತಂದ ಶುದ್ಧ ಎಣ್ಣೆಯೇ ಸಾಕು. ಆದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದೀಪದ ಎಣ್ಣೆಯನ್ನು ಮೈಗೆ ಹಚ್ಚಲೇಬೇಡಿ. ಅದು ಉರಿಸಲೆಂದು ಮಾಡಿದ ಮಿಶ್ರಣ. ಹೊಸ ಎಣ್ಣೆಯಾದರೆ ಹಿಂದಿನ ದಿನವೇ ಮೊಣಕೈಯ ಒಳಭಾಗಕ್ಕೆ ಒಂದು ಹನಿ ಸವರಿ, ಮರುದಿನದವರೆಗೆ ಕೆಂಪಾಗದೆ, ತುರಿಸದೆ ಇದ್ದರೆ ಮುಂದುವರಿಯಿರಿ. ಎಳ್ಳು ತಿಂದರೆ ಅಲರ್ಜಿಯಾಗುವವರು ಎಳ್ಳೆಣ್ಣೆಯನ್ನು ಹಚ್ಚಿಕೊಳ್ಳಲೂಬಾರದು.

ಸೀಗೆಪುಡಿಯ ತಯಾರಿ

ಅಂಗಡಿಯ ಪೊಟ್ಟಣಗಳಲ್ಲಿ ಸೀಗೆಯ ಪಾಲು ಎಷ್ಟಿದೆ ಎಂದು ತಿಳಿಯುವುದು ಕಷ್ಟವಾದ್ದರಿಂದ, ಒಮ್ಮೆ ಮನೆಯಲ್ಲೇ ಮಾಡಿಟ್ಟುಕೊಂಡರೆ ಕೆಲವು ತಿಂಗಳ ನಿಶ್ಚಿಂತೆ. ಅರ್ಧ ಕಿಲೋ ಒಣ ಸೀಗೆಕಾಯಿಯನ್ನು ಒಡೆದು ಬೀಜ ತೆಗೆಯಿರಿ. ಕಾಲು ಕಿಲೋ ಹೆಸರುಕಾಳು, 100 ಗ್ರಾಂ ಮೆಂತ್ಯ, ನೆರಳಲ್ಲಿ ಒಣಗಿಸಿದ ಎರಡು ಹಿಡಿ ದಾಸವಾಳದ ಎಲೆ ಸೇರಿಸಿ. ಸೀಗೆ, ಕಾಳು ಮತ್ತು ಮೆಂತ್ಯವನ್ನು ಎರಡು ದಿನ ಬಿಸಿಲಿಗಿಟ್ಟು, ಮುರಿದರೆ ಟಕ್ಕೆಂದು ಶಬ್ದ ಬರುವಷ್ಟು ಒಣಗಿದ ಮೇಲೆ ಗಿರಣಿಗೆ ಕೊಡಿ ಅಥವಾ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಪುಡಿ ಮಾಡಿ. ಪುಡಿ ಹಾರಿದರೆ ಸೀನು, ಕೆಮ್ಮು ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅಸ್ತಮಾ ಇರುವವರು ಈ ಕೆಲಸದಿಂದ ದೂರವಿರಲಿ. ತೆಳುಬಟ್ಟೆಯಲ್ಲಿ ಶೋಧಿಸುವುದನ್ನು ತಪ್ಪಿಸಬೇಡಿ, ತರಿ ಉಳಿದರೆ ನೆತ್ತಿ ಗೀರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಒದ್ದೆ ಕೈ ಹಾಕದೆ ಬಳಸಿ.

ಸೀಗೆಯಲ್ಲಿರುವ ಸಪೋನಿನ್ ಎಂಬ ಅಂಶ ನೀರಿನಲ್ಲಿ ಮಿದುವಾಗಿ ನೊರೆಯಾಡಿ ಜಿಡ್ಡನ್ನು ಎತ್ತುತ್ತದೆ. ಅದರ ದ್ರಾವಣ ಸಾಬೂನಿನಂತೆ ಕ್ಷಾರೀಯವಲ್ಲ, ತುಸು ಆಮ್ಲೀಯ. ಹೆಸರು ಮತ್ತು ಕಡಲೆಯ ಹಿಟ್ಟುಗಳು ಎಣ್ಣೆಯನ್ನು ಹೀರಿಕೊಂಡು ತೊಳೆದುಹೋಗುತ್ತವೆ. ಎರಡರ ಕೆಲಸವೂ ಅರ್ಧಕ್ಕೆ ನಿಲ್ಲುವಂಥದ್ದು, ಎಣ್ಣೆಯನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಬಚ್ಚಲುಮನೆಯ ಸಿದ್ಧತೆ

ಈ ಹಂತವನ್ನು ಯಾರೂ ಲಘುವಾಗಿ ಕಾಣಬಾರದೆಂದು ನನ್ನ ಕಳಕಳಿಯ ಕೋರಿಕೆ. ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೇ ಇದ್ದು, ಕಿಟಕಿ ಮುಚ್ಚಿ ಬಹಳ ಹೊತ್ತು ಸ್ನಾನ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆನೋವು, ತಲೆಸುತ್ತು ಎನ್ನುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿಗಳನ್ನು ಮತ್ತೆ ಮತ್ತೆ ಓದಿದ್ದೇವೆ. ಗೀಸರ್ ಹೊರಗಿರಬೇಕು. ಒಳಗಿದ್ದರೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು.

ಎಣ್ಣೆ ಬಿದ್ದ ನೆಲ ಜಾರುವುದರಿಂದ ರಬ್ಬರ್ ಮ್ಯಾಟ್ ಹಾಸಿ, ಕೂತು ಮೀಯಲು ಗಟ್ಟಿಯಾದ ಮಣೆ ಅಥವಾ ಸ್ಟೂಲ್ ಇಡಿ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ. ನೇರವಾಗಿ ಒಲೆಯ ಮೇಲಿಟ್ಟರೆ ಎಷ್ಟು ಕಾದಿದೆಯೆಂದು ಗೊತ್ತಾಗುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಚಳಿಗಾಲದಲ್ಲಿ ಹೀಗೆ ಕರಗಿಸುವುದು ಅನಿವಾರ್ಯ. ಹಚ್ಚುವ ಮೊದಲು ಮಣಿಕಟ್ಟಿಗೆ ಒಂದು ಹನಿ ಹಾಕಿ ನೋಡಿ.

ಹಚ್ಚುವುದು, ಕಾಯುವುದು

ಮೊದಲು ತಲೆ. ಎರಡು ಚಮಚ ಎಣ್ಣೆಯನ್ನು ಬೈತಲೆ ಬಿಡಿಸುತ್ತಾ ಬುಡಕ್ಕೆ ಹಾಕಿ, ಉಗುರು ತಾಗದಂತೆ ಬೆರಳ ತುದಿಗಳಿಂದ ಒತ್ತಿ, ಉಳಿದದ್ದನ್ನು ಕೂದಲಿನ ತುದಿಯವರೆಗೆ ಸವರಿ. ತಲೆಹೊಟ್ಟು ವಿಪರೀತವಿದ್ದರೆ ಈ ಹಂತವನ್ನು ಬಿಟ್ಟುಬಿಡುವುದು ಒಳ್ಳೆಯದು, ಏಕೆಂದರೆ ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ.

ವಾಗ್ಭಟನ ಅಷ್ಟಾಂಗಹೃದಯವೆಂಬ ಹಳೆಯ ಆಯುರ್ವೇದ ಗ್ರಂಥ ದಿನಚರ್ಯೆಯ ಅಧ್ಯಾಯದಲ್ಲಿ ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ. ಕಫದ ತೊಂದರೆ ಮತ್ತು ಅಜೀರ್ಣ ಇದ್ದಾಗ ಎಣ್ಣೆ ಬೇಡವೆಂದೂ ಅದೇ ಅಧ್ಯಾಯದಲ್ಲಿದೆ. ಕಿವಿಯ ಹಾಲೆ ಮತ್ತು ಹಿಂಭಾಗಕ್ಕೆ ಹಚ್ಚಿದರೆ ಸಾಕು, ಒಳಗೆ ಎಣ್ಣೆ ಬಿಡುವುದು ಬೇಡ. ಕಿವಿಯ ತಮಟೆಯಲ್ಲಿ ತೂತಿದ್ದರೆ ಸೋಂಕಾಗಬಹುದು.

ಆಮೇಲೆ ಮೈ. ತೋಳು, ತೊಡೆ, ಮೀನಖಂಡದ ಉದ್ದಕ್ಕೆ ನೀಳವಾಗಿ ನೀವಿ, ಕೀಲುಗಳ ಸುತ್ತ ವೃತ್ತಾಕಾರವಾಗಿ ತಿಕ್ಕಿ, ಹೊಟ್ಟೆಯ ಮೇಲೆ ಹಗುರವಾಗಿ ಕೈಯಾಡಿಸಿ. ಬೆನ್ನಿಗೆ ಇನ್ನೊಬ್ಬರ ಕೈ ಬೇಕಾಗುತ್ತದೆ. ನೋವಾಗುವಷ್ಟು ಒತ್ತಿದರೆ ಹೆಚ್ಚು ಲಾಭವೆಂಬ ನಂಬಿಕೆ ತಪ್ಪು. ಇಡೀ ಮೈಗೆ 40ರಿಂದ 60 ಮಿಲಿ ಎಣ್ಣೆ ಧಾರಾಳ. ಗಾಯ, ಹುಣ್ಣು, ಗಜಕರ್ಣ, ಉಬ್ಬಿದ ರಕ್ತನಾಳಗಳಿರುವ ಜಾಗವನ್ನು ಮುಟ್ಟಬೇಡಿ. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ನೀವುವುದು ಅಪಾಯಕಾರಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ವೈದ್ಯರಿಗೆ ತೋರಿಸಿ.

ಹಚ್ಚಿದ ಮೇಲೆ 20ರಿಂದ 30 ನಿಮಿಷ ಹಳೆಯ ಬಟ್ಟೆ ಉಟ್ಟು, ಫ್ಯಾನಿನ ಗಾಳಿಗೆ ಕೂರದೆ, ಬೆಚ್ಚಗಿನ ಕೋಣೆಯಲ್ಲಿರಿ. ಗಂಟೆಗಟ್ಟಲೆ ಕಾದರೆ ಹೆಚ್ಚು ಇಳಿಯುತ್ತದೆಂದೇನೂ ಇಲ್ಲ, ನೆಗಡಿಯ ಸ್ವಭಾವದವರಿಗೆ ಚಳಿ ಹಿಡಿಯುವುದಷ್ಟೇ.

ತೊಳೆಯುವುದು

ನೀರು ಮೈಯ ಶಾಖಕ್ಕಿಂತ ತುಸು ಹೆಚ್ಚು, ಅಂದರೆ 37ರಿಂದ 40 ಡಿಗ್ರಿ ಇದ್ದರೆ ಸಾಕು; ಮೊಣಕೈ ಅದ್ದಿದಾಗ ಹಿತವೆನಿಸಬೇಕು. ಹಂಡೆಯ ನೀರಾಗಲಿ ಗೀಸರಿನ ನೀರಾಗಲಿ 60 ಡಿಗ್ರಿ ಮುಟ್ಟಿದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಬೇಯುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸುವ ಅಭ್ಯಾಸ ಮಕ್ಕಳಿರುವ ಮನೆಯಲ್ಲಿ ಜೀವರಕ್ಷಕ. ಬಿಸಿನೀರು ಕತ್ತಿನಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬ ಮಾತೂ ವಾಗ್ಭಟನ ಅದೇ ಅಧ್ಯಾಯದ್ದು. ತಲೆಯ ನೀರು ಉಗುರುಬೆಚ್ಚಗಿರಲಿ.

ಎಲ್ಲರೂ ಎಡವುವುದು ಇಲ್ಲಿ: ಮೊದಲೇ ಮೈಗೆ ನೀರು ಹೊಯ್ದುಕೊಂಡು ನಂತರ ಪುಡಿ ಹಚ್ಚುತ್ತಾರೆ. ಹಿಟ್ಟು ಎಣ್ಣೆಯನ್ನು ಹೀರಬೇಕಾದರೆ ಮೈ ಒಣಗಿರಬೇಕು. ಆದ್ದರಿಂದ ನೀರು ತಾಗುವ ಮೊದಲು ಕಡಲೆಹಿಟ್ಟನ್ನು ಪುಡಿಯಾಗಿಯೇ ಮೈಮೇಲೆ ತೆಳ್ಳಗೆ ಸವರಿ, ಅದು ಎಣ್ಣೆಯೊಡನೆ ಸೇರಿ ಮುದ್ದೆಯಾಗಿ ಉದುರತೊಡಗಿದಾಗ ಚೊಂಬಿನಿಂದ ನೀರು ಎರೆದುಕೊಂಡು ಕೈಯಿಂದ ಉಜ್ಜಿ. ತಲೆಗೆ ಮಾತ್ರ ಎರಡು ಮೂರು ಚಮಚ ಸೀಗೆಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಮೊದಲೇ ಕಲಸಿಟ್ಟು, ದೋಸೆ ಹಿಟ್ಟಿನ ಹದದಲ್ಲಿ ಬುಡಕ್ಕೆ ಹಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯಿರಿ. ಸೀಗೆ ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ. ಉಜ್ಜದೆ ತಣ್ಣೀರಿನಿಂದ ಹತ್ತಾರು ಬಾರಿ ತೊಳೆಯಬೇಕು. ಮಲೆನಾಡಿನ ಕಡೆ ಹಸಿ ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆಯನ್ನು ಗೊಂಪು ಎಂದು ಕರೆದು ತಲೆಗೆ ಹಾಕುತ್ತಾರೆ. ಸೀಗೆಯಿಂದ ಕೂದಲು ಒರಟಾಗುವವರಿಗೆ ಇದು ಬಹಳ ಹಿಡಿಸುತ್ತದೆ.

ಕೊನೆಯಲ್ಲಿ ಸಾಬೂನು ಹಚ್ಚಿ ಎಲ್ಲ ಜಿಡ್ಡನ್ನೂ ತೆಗೆಯಬೇಕೆನಿಸುವುದು ಸಹಜ. ಕಂಕುಳು, ತೊಡೆಸಂದಿ, ಪಾದಗಳಿಗೆ ಬೇಕಾದರೆ ಹಚ್ಚಿ, ಉಳಿದ ಕಡೆ ಬೇಡ. ಬೆರಳಿನಿಂದ ಸವರಿದಾಗ ಚರ್ಮ ನುಣುಪಾಗಿದ್ದು, ಬಟ್ಟೆಗೆ ಕಲೆ ಹತ್ತದಿದ್ದರೆ ಹದ ಸರಿಯಾಗಿದೆ. ಒಣಗಿದ ಹತ್ತಿಯ ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಬೆರಳ ಸಂದಿಗಳಲ್ಲಿ ಮತ್ತು ಸ್ತನಗಳ ಕೆಳಗೆ ತೇವ ಉಳಿದರೆ ಶಿಲೀಂಧ್ರ ಬೆಳೆಯುವುದರಿಂದ ಅಲ್ಲಿ ಹೆಚ್ಚು ಗಮನ ಕೊಡಿ.

ಮುಖ ಮತ್ತು ಪಾದ

ಮುಖಕ್ಕೆ ನಾನು ಕಡಿಮೆಯನ್ನೇ ಸೂಚಿಸುತ್ತೇನೆ. ಮೊಡವೆ ಬರುವವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಾರದು, ರಂಧ್ರಗಳು ಕಟ್ಟಿಕೊಳ್ಳುತ್ತವೆ. ಕಡಲೆಹಿಟ್ಟು, ಕೆನೆ ತೆಗೆದ ಹಾಲು ಮತ್ತು ಚಿಟಿಕೆ ಕಸ್ತೂರಿ ಅರಿಶಿನ ಕಲಸಿ ಹಚ್ಚಿ, ಪೂರ್ತಿ ಒಣಗಿ ಬಿರಿಯುವ ಮೊದಲೇ ತೊಳೆದರೆ ಸಾಕು. ನಿಂಬೆರಸ ಬೇಡವೇ ಬೇಡ: ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆಗಳೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್‌ಗಳ ಸಲಹೆಗಳನ್ನೂ ಕೈಬಿಡಿ.

ಹಿಮ್ಮಡಿ ಒಡೆದಿದ್ದರೆ ಸ್ನಾನದ ನಂತರದ ಹೊತ್ತೇ ಆರೈಕೆಗೆ ತಕ್ಕದ್ದು. ಮೆದುವಾದ ಚರ್ಮವನ್ನು ಉಜ್ಜುಗಲ್ಲಿನಿಂದ ಹಗುರವಾಗಿ ತಿಕ್ಕಿ, ಎಳ್ಳೆಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ರಾತ್ರಿ ಹತ್ತಿಯ ಕಾಲುಚೀಲ ತೊಡಿ. ಮಧುಮೇಹಿಗಳು ಬಿಸಿನೀರಿನಲ್ಲಿ ಕಾಲು ನೆನೆಸುವುದಾಗಲಿ, ಒಡಕನ್ನು ತಾವೇ ಕೆರೆಯುವುದಾಗಲಿ ಮಾಡಬಾರದು. ಸ್ಪರ್ಶಜ್ಞಾನ ಕುಂದಿದ ಪಾದ ಸುಟ್ಟರೂ ತಿಳಿಯದು.

ಎಳೆಮಕ್ಕಳು, ಬಾಣಂತಿಯರು

ಕೂಸಿಗೆ ಎಣ್ಣೆ ನೀವಿ ಮೀಯಿಸುವುದು ಸುಂದರವಾದ ಪದ್ಧತಿ. ಕೊಬ್ಬರಿ ಎಣ್ಣೆ ಅದಕ್ಕೆ ಹಿತ. ಆದರೆ ಮೂಗಿಗೆ, ಬಾಯಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೂಸಿಗೆ ಕಠಿಣವಾದ ನ್ಯುಮೋನಿಯಾ ಬರುತ್ತದೆ. ಸ್ನಾನದ ಬಳಿಕ ಸಾಂಬ್ರಾಣಿ, ಕೆಂಡದ ಹೊಗೆ ಹಿಡಿಯುವುದೂ ಎಳೆಯ ಶ್ವಾಸಕೋಶಕ್ಕೆ ಹಾನಿಕರ. ಸಿಸೇರಿಯನ್ ಆದ ಬಾಣಂತಿ ಹೊಲಿಗೆಯ ಗಾಯ ಮಾಗಿದೆಯೆಂದು ವೈದ್ಯರು ಹೇಳುವವರೆಗೆ ಹೊಟ್ಟೆಯ ಭಾಗಕ್ಕೆ ಎಣ್ಣೆಯನ್ನಾಗಲಿ, ಬಿಸಿನೀರಿನ ರಭಸವನ್ನಾಗಲಿ ತಾಗಿಸಬಾರದು. ಜ್ವರವಿದ್ದಾಗ, ಊಟವಾದ ಕೂಡಲೇ, ಉಪವಾಸದಿಂದ ನಿತ್ರಾಣವಾಗಿದ್ದಾಗ ಯಾರಿಗೂ ಎಣ್ಣೆಸ್ನಾನ ಬೇಡ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಕೂತೇ ಮಿಂದು, ಮುಗಿದ ಮೇಲೆ ನಿಧಾನವಾಗಿ ಏಳಬೇಕು. ಬಚ್ಚಲಿನ ಬಾಗಿಲ ಚಿಲಕ ಹಾಕದಿರುವುದು ಲೇಸು.

ಒಣಚರ್ಮದವರಿಗೆ ಚಳಿಗಾಲದಲ್ಲಿ ವಾರಕ್ಕೆರಡು ಬಾರಿ, ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಸಾಕು; ಕರಾವಳಿಯ ಸೆಕೆಯಲ್ಲಿ ಬೆವರುಸಾಲೆ ಎದ್ದಿದ್ದರೆ ಅದು ಆರುವವರೆಗೆ ನಿಲ್ಲಿಸಿ. ಸ್ನಾನವಾದೊಡನೆ, ಇನ್ನೊಬ್ಬರು ಒಳಗೆ ಕಾಲಿಡುವ ಮೊದಲೇ, ಉಳಿದ ಸೀಗೆಯ ಗಸಿಯನ್ನು ನೆಲಕ್ಕೆ ಹಾಕಿ ಪೊರಕೆಯಿಂದ ತಿಕ್ಕಿ ಬಿಸಿನೀರು ಹೊಯ್ಯಿರಿ, ಜಾರುವ ಜಿಡ್ಡು ಅದರಲ್ಲೇ ಹೋಗುತ್ತದೆ. ಎಣ್ಣೆಯ ಟವೆಲನ್ನು ಉಳಿದ ಬಟ್ಟೆಗಳೊಡನೆ ಸೇರಿಸದೆ, ಸೋಪಿನ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು, ಬಿಸಿಲಿನಲ್ಲಿ ಒಣಗಿಸಿ.