ಹೊರದೇಶದ ಕೋಚಿಂಗ್: ನಾನು ಅಸಿಸ್ಟೆಂಟ್ ಕೋಚ್ ಜೊತೆ ಕೆಲಸ ಮಾಡಿದ ಬಗೆ

ಹೊರದೇಶದಲ್ಲಿ ಫುಟ್‌ಬಾಲ್ ಕೋಚ್ ಕೆಲಸ ಬೇಕಂದ್ರೆ ಮೊದಲು ಲೈಸೆನ್ಸ್ ಇರಬೇಕು. ನಾನು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಆಡಿ ಬೆಳೆದವನು. ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತ ಮೇಲೆ ಅಲ್ಲೇ ಮಕ್ಕಳಿಗೆ ಕಲಿಸುತ್ತಾ ಡಿ ಲೈಸೆನ್ಸ್ ಮಾಡಿಕೊಂಡೆ. ಆಮೇಲೆ ಅದಕ್ಕಿಂತ ಮೇಲಿನ ಹಂತಗಳಾದ ಸಿ, ಬಿ, ಎ. ಒಂದೊಂದಕ್ಕೂ ಫೀಸು, ರಜೆ, ಪರೀಕ್ಷೆ. ಅದು ಮುಗಿದ ಮೇಲೆ ಮಾಲ್ಡೀವ್ಸ್, ಭೂತಾನ್, ಒಮಾನ್ ಅಂತ ಕ್ಲಬ್ಬುಗಳಲ್ಲಿ ಕೆಲಸ ಮಾಡಿದೆ.

ಈ ಕೆಲಸದಲ್ಲಿ ಸಮಯ ತುಂಬಾ ಕಡಿಮೆ. ಒಪ್ಪಂದ ಹೆಚ್ಚಾಗಿ ಒಂದು ಸೀಸನ್‌ಗೆ. ಬೋರಾ ಮಿಲುಟಿನೋವಿಚ್ ಐದು ವಿಶ್ವಕಪ್‌ಗಳಲ್ಲಿ ಐದು ಬೇರೆ ಬೇರೆ ದೇಶಗಳ ಕೋಚ್ ಆಗಿದ್ದವರು: 1986ರಲ್ಲಿ ಮೆಕ್ಸಿಕೊ, 1990ರಲ್ಲಿ ಕೋಸ್ಟಾ ರಿಕಾ, 1994ರಲ್ಲಿ ಅಮೆರಿಕ, 1998ರಲ್ಲಿ ನೈಜೀರಿಯಾ, 2002ರಲ್ಲಿ ಚೀನಾ. ಕೋಸ್ಟಾ ರಿಕಾ ತಂಡ ಅವರ ಕೈಗೆ ಬಂದದ್ದು ವಿಶ್ವಕಪ್‌ಗೆ ಕೆಲವೇ ತಿಂಗಳು ಮುಂಚೆ. ಆದರೂ ಆ ತಂಡ ಸ್ಕಾಟ್ಲೆಂಡ್, ಸ್ವೀಡನ್ ಎರಡನ್ನೂ ಸೋಲಿಸಿ ಮುಂದಿನ ಸುತ್ತಿಗೆ ಹೋಯಿತು. ಅಷ್ಟು ಕಡಿಮೆ ಸಮಯದಲ್ಲಿ ಆಟಗಾರರನ್ನು ಅರಿಯುವುದು ಸುಮ್ನೆ ಆಗುವ ಕೆಲಸವಲ್ಲ.

ನನಗೆ ದಾರಿ ತೋರಿಸಿದವರು ಆಯಾ ಊರಿನ ಅಸಿಸ್ಟೆಂಟ್ ಕೋಚ್‌ಗಳು. ಹೊಸ ಕ್ಲಬ್ಬಿಗೆ ಹೋದರೆ ಮೊದಲ ವಾರ ನಾನು ಪ್ರಾಕ್ಟೀಸ್ ನಡೆಸುವುದಿಲ್ಲ. ಅಸಿಸ್ಟೆಂಟ್ ನಡೆಸುತ್ತಾರೆ, ನಾನು ಗೆರೆಯಾಚೆ ನಿಂತು ನೋಡುತ್ತೇನೆ. ಹುಡುಗರು ಯಾರ ಮಾತು ಕೇಳುತ್ತಾರೆ, ಯಾರು ಕೆಲಸ ಮುಗಿಸಿ ನೇರ ಮೈದಾನಕ್ಕೆ ಬರುತ್ತಾರೆ, ಯಾರು ಸರಿಯಾಗಿ ಊಟ ಮಾಡಿಲ್ಲ, ಇದೆಲ್ಲ ಆಗಲೇ ಕಾಣುತ್ತದೆ. ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ರಂಜಾನ್ ತಿಂಗಳ ಪ್ರಾಕ್ಟೀಸನ್ನು ರಾತ್ರಿ ನಮಾಜ್ ಆದ ಮೇಲೆ ಇಟ್ಟೆವು. ಎಷ್ಟು ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಅಂತ ಅಸಿಸ್ಟೆಂಟೇ ತೀರ್ಮಾನ ಮಾಡುತ್ತಿದ್ದರು. ಹಗಲೆಲ್ಲ ನೀರು ಕುಡಿಯದ ಹುಡುಗರ ಮೈ ಅವರಿಗೆ ಗೊತ್ತಿತ್ತು.

ಭೂತಾನಿನ ಥಿಂಫು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು 900ರ ಹತ್ತಿರ. ಅಲ್ಲಿ ಗಾಳಿ ತೆಳು, ಹಾಗಾಗಿ ಚೆಂಡಿಗೆ ತಡೆ ಕಡಿಮೆ. ಅದೇ ಜೋರಿನಲ್ಲಿ ಒದ್ದರೂ ಜಾಸ್ತಿ ದೂರ ಹೋಗುತ್ತದೆ. "ಸರ್, ಇಲ್ಲಿ ಗೋಲ್‌ಕೀಪರ್‌ಗೆ ದೂರದ ಶಾಟ್ ಹಿಡಿಯೋದನ್ನ ಬೇರೆಯಾಗೇ ಕಲಿಸಬೇಕು," ಅಂದರು ಅಲ್ಲಿಯ ಅಸಿಸ್ಟೆಂಟ್. ಗೋಲ್‌ಕೀಪರ್ ಪ್ರಾಕ್ಟೀಸ್ ಪೂರ್ತಿ ಅವರಿಗೇ ಬಿಟ್ಟೆ. ಸೆಟ್ ಪೀಸ್ (ಫ್ರೀ ಕಿಕ್, ಕಾರ್ನರ್ ಕಿಕ್‌ನಂಥವು) ಕೂಡ.

ಹೀಗೆ ಒಂದೊಂದೇ ಜವಾಬ್ದಾರಿ ದಾಟಿಸುತ್ತೇನೆ. ಮೊದಲು ವಾರ್ಮಪ್, ಆಮೇಲೆ ಸೆಟ್ ಪೀಸ್, ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಮ್ಯಾಚಿಗೆ ಮುಂಚಿನ ಮಾತು. ಪ್ರಾಕ್ಟೀಸಿನ ಪ್ಲಾನ್ ಅವರ ನೋಟ್‌ಬುಕ್ಕಿನಲ್ಲಿ, ಅವರ ಭಾಷೆಯಲ್ಲಿ, ಅವರೇ ಬರೆಯಬೇಕು. ನನ್ನ ಲ್ಯಾಪ್‌ಟಾಪ್ ನನ್ನ ಜೊತೆ ವಾಪಸ್ ಬರುತ್ತದೆ, ಅಲ್ವಾ? ಹಾಫ್ ಟೈಮಿನಲ್ಲಿ ನಾನು ಎರಡು ಮೂರು ವಾಕ್ಯ ಹೇಳಿ ನಿಲ್ಲಿಸುತ್ತೇನೆ. ಉಳಿದದ್ದನ್ನು ಅವರು ಹೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ.

ಹೀಗೆ ಅಸಿಸ್ಟೆಂಟ್ ತಯಾರಾಗಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಬೆಂಗಳೂರಿನ ಕ್ಲಬ್ಬಿನಲ್ಲೇ ಎಲ್ಲರೂ ಕಂಡಿದ್ದೇವೆ. ಸ್ಪೇನಿನ ಆಲ್ಬರ್ಟ್ ರೋಕಾ ಬೆಂಗಳೂರು ಎಫ್‌ಸಿಯನ್ನು ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಫೈನಲ್‌ಗೆ ಕರೆದುಕೊಂಡು ಹೋದರು. ಅವರು ಬಿಟ್ಟ ಮೇಲೆ ಅವರ ಅಸಿಸ್ಟೆಂಟ್ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ಕೋಚ್ ಆಗಿ 2018-19ರ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆಲ್ಲಿಸಿದರು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದಾಗ ಸೀಸನ್ ಇನ್ನೂ ನಡೆಯುತ್ತಿತ್ತು. ಆಗ ತಂಡವನ್ನು ನಡೆಸಿದ್ದು ನಮ್ಮ ದೇಶದವರೇ ಆದ ನೌಶಾದ್ ಮೂಸಾ. ಒಳಗೆ ತಯಾರಾದವರು ಇದ್ದರೆ ಕ್ಲಬ್ಬು ದಿಕ್ಕೆಡುವುದಿಲ್ಲ. ನಮ್ಮ ಕ್ಲಬ್ಬುಗಳು ವಿದೇಶಿ ಕೋಚ್‌ಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನಾದರೂ ಅವರ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಪ್ಪಂದದ ಬಗ್ಗೆಯೂ ಹೇಳಿಬಿಡುತ್ತೇನೆ. ಮನೆ ಬಾಡಿಗೆ, ವಾಪಸ್ ಬರುವ ಟಿಕೆಟ್, ಆಸ್ಪತ್ರೆ ಖರ್ಚು, ಸಂಬಳದ ತಾರೀಖು, ಇಷ್ಟೂ ಬರವಣಿಗೆಯಲ್ಲಿ ಇರಲೇಬೇಕು. ಫೋನಿನಲ್ಲಿ ಹೇಳಿದ್ದನ್ನು ನಂಬಿ ವಿಮಾನ ಹತ್ತಬೇಡಿ. ಇದರ ಜೊತೆಗೆ ನಾನು ಇನ್ನೊಂದು ಸಾಲು ಸೇರಿಸಲು ಕೇಳುತ್ತೇನೆ: ಸೀಸನ್ ಮುಗಿಯುವುದರೊಳಗೆ ಅಸಿಸ್ಟೆಂಟ್‌ನ ಮುಂದಿನ ಲೈಸೆನ್ಸ್ ಕೋರ್ಸಿನ ಫೀಸನ್ನು ಕ್ಲಬ್ಬೇ ಕಟ್ಟಬೇಕು, ಆ ದಿನಗಳ ಸಂಬಳ ಹಿಡಿಯಬಾರದು. ಕೆಲವರು ತಕ್ಷಣ ಒಪ್ಪುತ್ತಾರೆ, ಕೆಲವರು ಎಳೆದಾಡುತ್ತಾರೆ. ಅವರು ಒಪ್ಪುವ ತನಕ ನಾನು ಸಹಿ ಹಾಕುವುದಿಲ್ಲ.