ಅಮೆರಿಕದ ಟರ್ನ್‌ಟೇಬಲ್ ಪುಣೆಯಲ್ಲಿ ಶ್ರುತಿಗೆ ಬಂದ ಬಗೆ

ನ್ಯೂಜೆರ್ಸಿಯ ಮನೆ ಖಾಲಿ ಮಾಡಿ ಬಂದ ಅಣ್ಣ ತನ್ನ ಹಳೆಯ ಟರ್ನ್‌ಟೇಬಲನ್ನು, ಅಂದರೆ ಎಲ್‌ಪಿ ರೆಕಾರ್ಡ್ ನುಡಿಸುವ ಯಂತ್ರವನ್ನು, ಪುಣೆಯ ನಮ್ಮ ಮನೆಗೆ ತಂದುಕೊಟ್ಟಾಗ, ನಾನು ಮೊದಲು ನೋಡಿದ್ದು ಅದರ ಬೆನ್ನಿಗಿದ್ದ ಲೋಹದ ಪಟ್ಟಿಯನ್ನು. ಅವನ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಅಚ್ಚಾಗಿದ್ದರಿಂದ ಅದಕ್ಕೆ ಪಿನ್ ಬದಲಿಸುವ ಅಡಾಪ್ಟರ್ ಸಾಕಾಯಿತು. ಟರ್ನ್‌ಟೇಬಲಿನ ಪಟ್ಟಿಯಲ್ಲಿ ಇದ್ದದ್ದು 120 ವೋಲ್ಟ್, 60 ಹರ್ಟ್ಸ್ ಮಾತ್ರ.

ನಮ್ಮ 230 ವೋಲ್ಟ್, 50 ಹರ್ಟ್ಸಿನ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ್ದರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತಿತ್ತು. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಿಂದ ವೋಲ್ಟೇಜ್ ಇಳಿಸುವ, 50 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಅದರಲ್ಲಿ 100 ಮತ್ತು 110 ವೋಲ್ಟಿನ ಎರಡು ಟ್ಯಾಪ್‌ಗಳು (ವಿದ್ಯುತ್ ಹೊರತೆಗೆಯುವ ತುದಿಗಳು) ಇದ್ದವು. ನಾನು ಬಳಸಿದ್ದು 100ರದ್ದು. 60 ಹರ್ಟ್ಸಿಗೆಂದು ಸುತ್ತಿದ ಮೋಟಾರು 50 ಹರ್ಟ್ಸಿನಲ್ಲಿ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಆವರ್ತನ (ಕರೆಂಟಿನ ಏರಿಳಿತ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂಬ ಹರ್ಟ್ಸ್ ಲೆಕ್ಕ) ಇಳಿದ ಪ್ರಮಾಣದಲ್ಲೇ ವೋಲ್ಟೇಜನ್ನೂ ಇಳಿಸಿದರೆ, ಅಂದರೆ 120ರ ಬದಲು 100 ಕೊಟ್ಟರೆ, ಆ ತೊಂದರೆ ತಪ್ಪುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡು ಭೀಮಸೇನ ಜೋಶಿಯವರ ಎಲ್‌ಪಿ ಹಾಕಿದೆ. ಸವಾಯಿ ಗಂಧರ್ವ ಮಹೋತ್ಸವದಲ್ಲಿ ಅವರನ್ನು ಎದುರು ಕುಳಿತು ಕೇಳಿದ ಕಿವಿಗೆ, ಆ ದನಿ ಅವರದಲ್ಲವೆಂದು ಮೊದಲ ಆಲಾಪದಲ್ಲೇ ತಿಳಿಯಿತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಆವರ್ತನವನ್ನಲ್ಲ. ಈ ಸಿಂಕ್ರೊನಸ್ ಮೋಟಾರಿನ ವೇಗವೋ ಆವರ್ತನವನ್ನೇ ಹಿಂಬಾಲಿಸುವಂಥದು. ಆದ್ದರಿಂದ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 27.8 ಸುತ್ತಿಗೆ ಇಳಿದಿತ್ತು. ಆರರಲ್ಲಿ ಐದು ಪಾಲಿಗೆ ಇಳಿದ ಈ ವೇಗದಲ್ಲಿ ಷಡ್ಜ (ಸ) ನಿಲ್ಲಬೇಕಾದಲ್ಲಿ ಅದಕ್ಕಿಂತ ಕೆಳಗಿನ, ಮಂದ್ರದ ಶುದ್ಧ ಧೈವತ (ಧ) ಕೇಳುತ್ತದೆ.

ಆದರೆ ವೇಗ ಪರೀಕ್ಷಿಸಲು ಅಣ್ಣ ಇಟ್ಟುಕೊಂಡಿದ್ದ ಗೆರೆಗಳ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು, ಸ್ವಿಚ್‌ಬೋರ್ಡಿನ ನಿಯಾನ್ ಇಂಡಿಕೇಟರ್ ಬೆಳಕಿನಲ್ಲಿ ನೋಡಿದರೆ ಗೆರೆಗಳು ಕದಲದೆ ನಿಂತಿದ್ದವು, ವೇಗ ಸರಿಯಿದೆ ಎನ್ನುವಂತೆ! ಒಂದು ಸಂಜೆಯೆಲ್ಲ ನನ್ನ ಕಿವಿಯನ್ನೇ ಅನುಮಾನಿಸಿದೆ. ಮರುದಿನ ಗೆರೆಗಳನ್ನು ಎಣಿಸಿದಾಗ ಕಾರಣ ಸಿಕ್ಕಿತು. ದೀಪದ ಪ್ರತಿ ಮಿನುಗಿಗೂ ಒಂದು ಗೆರೆ ಮುಂದಿನದರ ಜಾಗಕ್ಕೆ ಬಂದರೆ ಗೆರೆಗಳು ನಿಂತಂತೆ ಕಾಣುತ್ತವೆ. ಬಿಲ್ಲೆಯಲ್ಲಿ ಇದ್ದದ್ದು 216 ಗೆರೆ. ಅದು ಸೆಕೆಂಡಿಗೆ 120 ಸಲ ಮಿನುಗುವ ಅಮೆರಿಕದ ದೀಪಕ್ಕೆ ಲೆಕ್ಕ ಹಾಕಿದ್ದು. ನಮ್ಮ ದೀಪ ಮಿನುಗುವುದು 100 ಸಲ. ತಟ್ಟೆಯೂ ಬೆಳಕೂ ಒಂದೇ ಪ್ರಮಾಣದಲ್ಲಿ ನಿಧಾನವಾಗಿದ್ದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. 180 ಗೆರೆಗಳ ಬಿಲ್ಲೆಯನ್ನು ಮುದ್ರಿಸಿ ಇಟ್ಟಾಗ ಗೆರೆಗಳು ಹಿಂದಕ್ಕೆ ಓಡತೊಡಗಿದವು, ತಟ್ಟೆ ನಿಧಾನವಾಗಿದೆ ಎನ್ನುವಂತೆ.

ಉಳಿದದ್ದು ಬೆಲ್ಟಿನ ಮೂಲಕ ತಟ್ಟೆಯನ್ನು ತಿರುಗಿಸುವ ಮೋಟಾರಿನ ಪುಲ್ಲಿಯನ್ನು (ಪುಟ್ಟ ಗಾಲಿಯನ್ನು) ದಪ್ಪಗೊಳಿಸುವ ಕೆಲಸ. ಹಳೆಯದರ ವ್ಯಾಸ 10 ಮಿಲಿಮೀಟರ್ ಇದ್ದುದರಿಂದ ಭೋಸರಿಯ ಒಂದು ಲೇತ್ ಅಂಗಡಿಯಲ್ಲಿ 12 ಮಿಲಿಮೀಟರಿನ ಹಿತ್ತಾಳೆ ಪುಲ್ಲಿ ಮಾಡಿಸಿದೆ. ಗೆರೆಗಳು ಆಗಲೂ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ನಾನು ಬೆಲ್ಟಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ರಬ್ಬರಿನ ದಪ್ಪ 0.6 ಮಿಲಿಮೀಟರ್ ಇರುವುದರಿಂದ ಹಳೆಯ ಪುಲ್ಲಿಯ ನಿಜವಾದ ಅಳತೆ 10.6, ಅದನ್ನು 1.2ರಿಂದ ಗುಣಿಸಿ 0.6 ಕಳೆದರೆ ಲೋಹದ ವ್ಯಾಸ 12.12 ಆಗುತ್ತದೆ. ಲೇತ್ ಕೆಲಸಗಾರರು ಬೇಸರಿಸದೆ ಎರಡನೆಯದನ್ನು ಆ ಅಳತೆಗೆ ಕಡೆದುಕೊಟ್ಟರು.

ಈಗ 180 ಗೆರೆಗಳು ನಿಂತಲ್ಲೇ ನಿಲ್ಲುತ್ತವೆ, ಜೋಶಿಯವರ ಷಡ್ಜ ತನ್ನ ಜಾಗದಲ್ಲಿದೆ. ಟರ್ನ್‌ಟೇಬಲ್ ಎಂದಾದರೂ ಅಮೆರಿಕಕ್ಕೆ ಮರಳಿದರೆ ಬೇಕಾಗುವುದೆಂದು ಹಳೆಯ ಪುಲ್ಲಿಯನ್ನು ಲಕೋಟೆಯಲ್ಲಿ ಹಾಕಿ, ಯಂತ್ರದ ಅಡಿಗೇ ಅಂಟಿಸಿದ್ದೇನೆ.